ರೇರ್ ಅರ್ತ್ ರಾಜಕೀಯದ ಬೇರು ಇರುವುದು 4ಎಫ್‌ನಲ್ಲಿ

2025ರ ಏಪ್ರಿಲ್‌ನಲ್ಲಿ ಚೀನಾ, ಡಿಸ್ಪ್ರೋಸಿಯಂ ಸೇರಿದಂತೆ ಏಳು ರೇರ್ ಅರ್ತ್ ಧಾತುಗಳ ಮತ್ತು ಅವು ಬೆರೆತ ಮ್ಯಾಗ್ನೆಟ್‌ಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಕೆಲವೇ ವಾರಗಳಲ್ಲಿ ನಮ್ಮ ವಾಹನ ಕಂಪನಿಗಳು ಮ್ಯಾಗ್ನೆಟ್ ಸಿಗುತ್ತಿಲ್ಲ ಅಂತ ದೆಹಲಿಯ ಬಾಗಿಲು ತಟ್ಟಿದವು. ನಾನು ನೋಡಿದ ಚರ್ಚೆಗಳಲ್ಲಿ ಗಣಿ, ರಾಜತಾಂತ್ರಿಕತೆ, ಆತ್ಮನಿರ್ಭರತೆ ಎಲ್ಲವೂ ಬಂದವು. ಬಾರದೇ ಹೋದದ್ದು ಪಿಯುಸಿ ಕೆಮಿಸ್ಟ್ರಿಯ ಒಂದು ಪಾಠ: ಎಲೆಕ್ಟ್ರಾನ್ ವಿನ್ಯಾಸ.

ಪಾಠ ಇಷ್ಟೇ. ಪರಮಾಣುವಿನ ನ್ಯೂಕ್ಲಿಯಸ್ ಸುತ್ತ ಎಲೆಕ್ಟ್ರಾನ್‌ಗಳು ಕವಚಗಳಲ್ಲಿ, ಅವುಗಳೊಳಗಿನ ಉಪಕವಚಗಳಲ್ಲಿ ಇರುತ್ತವೆ. ಎಸ್‌ನಲ್ಲಿ 2, ಪಿಯಲ್ಲಿ 6, ಡಿಯಲ್ಲಿ 10, ಎಫ್‌ನಲ್ಲಿ 14 ಎಲೆಕ್ಟ್ರಾನ್‌ಗೆ ಜಾಗ. ಕಡಿಮೆ ಶಕ್ತಿಯ ಜಾಗ ಮೊದಲು ತುಂಬುತ್ತದೆ. ಸೋಡಿಯಂನ 11 ಎಲೆಕ್ಟ್ರಾನ್‌ಗಳ ಲೆಕ್ಕ ನೋಡಿ: 1ಎಸ್‌ನಲ್ಲಿ 2, 2ಎಸ್‌ನಲ್ಲಿ 2, 2ಪಿಯಲ್ಲಿ 6, 3ಎಸ್‌ನಲ್ಲಿ 1. ನೀರಿಗೆ ಬಿದ್ದರೆ ಸೋಡಿಯಂ ಭಗ್ಗೆನ್ನೋದಕ್ಕೆ ಆ ಹೊರಗಿನ ಒಂಟಿ ಎಲೆಕ್ಟ್ರಾನೇ ಕಾರಣ. ಪಕ್ಕದ ಮೆಗ್ನೀಸಿಯಂನಲ್ಲಿ ಹೊರಗೆ 2 ಇವೆ, ಸ್ವಭಾವವೂ ಬೇರೆ. ರಾಸಾಯನಿಕ ವ್ಯವಹಾರವೆಲ್ಲ ಹೆಚ್ಚಾಗಿ ಹೊರಗಿನವರದ್ದೇ.

ಲ್ಯಾಂಥನಮ್‌ನಿಂದ ಲುಟೇಷಿಯಂವರೆಗಿನ 15 ಧಾತುಗಳಲ್ಲಿ ಕಥೆ ಬದಲಾಗುತ್ತದೆ. ಇಲ್ಲಿ ಹೊರಗಿನ 6ಎಸ್‌ನಲ್ಲಿ ಆಗಲೇ 2 ಎಲೆಕ್ಟ್ರಾನ್ ಕೂತಾಗಿದೆ. ಹೊಸದಾಗಿ ಬರುವವು ಬಹುಪಾಲು ಒಳಗಿನ 4ಎಫ್‌ಗೆ ಸೇರುತ್ತವೆ: ನಿಯೋಡಿಮಿಯಂನಲ್ಲಿ 4, ಡಿಸ್ಪ್ರೋಸಿಯಂನಲ್ಲಿ 10. ಹೊರಗಿನಿಂದ ನೋಡಿದರೆ ಎಲ್ಲರದ್ದೂ ಒಂದೇ ಮುಖ. ಎಲ್ಲವೂ ಸಾಮಾನ್ಯವಾಗಿ 3 ಎಲೆಕ್ಟ್ರಾನ್ ಕಳೆದುಕೊಂಡು ಅಯಾನು ಆಗುತ್ತವೆ. ಆ ಅಯಾನಿನ ತ್ರಿಜ್ಯ ಲ್ಯಾಂಥನಮ್‌ನಲ್ಲಿ ಸುಮಾರು 103 ಪಿಕೋಮೀಟರ್, ಲುಟೇಷಿಯಂನಲ್ಲಿ 86. ಅಂದರೆ ಅಕ್ಕಪಕ್ಕದ ಧಾತುಗಳ ನಡುವಿನ ಅಂತರ ಸರಾಸರಿ 1 ಪಿಕೋಮೀಟರ್‌ಗಿಂತ ಚೂರು ಹೆಚ್ಚು, ಅಷ್ಟೇ.

ಇದರಿಂದ ಎರಡು ಪರಿಣಾಮ. ಒಂದು, ಒಳಗೆ ಅವಿತ 4ಎಫ್‌ನ ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳು ಮ್ಯಾಗ್ನೆಟ್‌ಗೆ ದಿಕ್ಕು ಬದಲಿಸದ ಹಠ ಕೊಡುತ್ತವೆ. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿಸಿದ ಮ್ಯಾಗ್ನೆಟ್ ಸ್ಕೂಟರ್ ಮೋಟರ್‌ನಲ್ಲಿರೋದು ಅದಕ್ಕೇ. ಮೋಟರ್ ಬಿಸಿಯಾದಾಗಲೂ ಆ ಹಠ ಉಳಿಯಲಿ ಅಂತ ಡಿಸ್ಪ್ರೋಸಿಯಂ ಬೆರೆಸುತ್ತಾರೆ. ಎರಡು, ಒಂದೇ ಮುಖದ ಈ ಧಾತುಗಳನ್ನು ಬೇರ್ಪಡಿಸೋದು ಹರಸಾಹಸ. ಅದಿರನ್ನು ಕರಗಿಸಿ, ದ್ರಾವಕಗಳ ನಡುವೆ ನೂರಾರು ಹಂತ ಹಾಯಿಸಬೇಕು. ಒಂದೊಂದು ಹಂತದಲ್ಲೂ ಚೂರೇ ಚೂರು ಶುದ್ಧಿ, ಜೊತೆಗೆ ರಾಶಿ ತ್ಯಾಜ್ಯ.

ರೇರ್ ಅರ್ತ್ ಅನ್ನೋ ಹೆಸರೇ ದಾರಿ ತಪ್ಪಿಸುತ್ತದೆ. ಇವುಗಳಲ್ಲಿ ಒಂದಾದ ಸೀರಿಯಂ ಭೂಪದರದಲ್ಲಿ ಹೆಚ್ಚೂಕಡಿಮೆ ತಾಮ್ರದಷ್ಟೇ ಇದೆ. ಕೇರಳ, ತಮಿಳುನಾಡು, ಒಡಿಶಾ ಕಡಲತೀರದ ಮರಳಿನಲ್ಲಿ ಮೊನಜೈಟ್ ಇದೆ. ಸರ್ಕಾರಿ ಕಂಪನಿ ಐಆರ್‌ಇಎಲ್ 1950ರಿಂದಲೂ ಇದೆ. ಆದರೆ ಮೊನಜೈಟ್‌ನಲ್ಲಿ ಡಿಸ್ಪ್ರೋಸಿಯಂ ಪಾಲು ತೀರಾ ಕಡಿಮೆ, ಜೊತೆಗೆ ವಿಕಿರಣಶೀಲ ಥೋರಿಯಂ ಬೇರೆ. ಚೀನಾ ದಶಕಗಳ ಕಾಲ ಹಣ ಸುರಿದದ್ದು ಗಣಿಯ ಜೊತೆ ಈ ಬೇರ್ಪಡಿಕೆಗೂ. ಆ ಹಾದಿಯಲ್ಲಿ ಅದರ ನೆಲ, ನೀರು ಹಾಳಾದವು. ಜಗತ್ತಿನ ಶುದ್ಧೀಕರಣದಲ್ಲಿ ಇವತ್ತು ಅದರ ಪಾಲು ಸುಮಾರು 90 ಶೇಕಡಾ.

ಹಾಗಾಗಿ ಮುಂದಿನ ಸಲ ಯಾರಾದರೂ ಮಂತ್ರಿ ಹೊಸ ನಿಕ್ಷೇಪ ಸಿಕ್ಕಿದೆ ಅಂತ ಘೋಷಿಸಿದಾಗ, ಎಷ್ಟು ಟನ್ ಅನ್ನೋದರ ಜೊತೆ ಇನ್ನೆರಡು ಪ್ರಶ್ನೆ ಕೇಳಿ. ಬೇರ್ಪಡಿಸೋರು ಯಾರು? ತ್ಯಾಜ್ಯ ಯಾರ ಊರಿಗೆ ಹೋಗುತ್ತೆ?