ಆದಿಲಶಾಹಿ ನೇಮಕಾತಿ ಮತ್ತು ಲೆಕ್ಕದ ಭಾಷೆ

ಬಹುರಾಷ್ಟ್ರೀಯ ಕಂಪನಿಯೊಂದು ಹೊರದೇಶದ ಶಾಖೆಗೆ ತನ್ನ ನಾಡಿನವರನ್ನು ಕಳಿಸಬೇಕೋ, ಅಲ್ಲಿಯವರನ್ನೇ ನೇಮಿಸಬೇಕೋ ಎಂಬ ಚರ್ಚೆಗೆ 1969ರಲ್ಲಿ ಹೊವರ್ಡ್ ಪರ್ಲ್‌ಮಟರ್ ಮೂರು ಮಾದರಿಗಳನ್ನು ಕೊಟ್ಟರು: ಮೂಲದೇಶಕೇಂದ್ರಿತ, ಸ್ಥಳೀಯಕೇಂದ್ರಿತ, ಜಾಗತಿಕ. ಆ ಪ್ರಶ್ನೆಯನ್ನು ಆದಿಲಶಾಹಿಗಳ ವಿಜಯಪುರ ರಾಜ್ಯ ಬಹಳ ಹಿಂದೆಯೇ ಎದುರಿಸಿತ್ತು. ಇರಾನ್ ಮತ್ತು ಮಧ್ಯ ಏಷ್ಯಾದಿಂದ ಬಂದ ಆಫಾಕಿಗಳು ಒಂದು ಕಡೆ, ಇಲ್ಲಿಯೇ ನೆಲೆಸಿದ ದಖ್ಖನಿಗಳು ಮತ್ತು ಆಫ್ರಿಕಾ ಮೂಲದ ಹಬಶಿಗಳು ಇನ್ನೊಂದು ಕಡೆ. ರಾಜ್ಯ ಸ್ಥಾಪಿಸಿದ ಯೂಸುಫ್ ಆದಿಲ್ ಖಾನನೇ ಹೊರನಾಡಿನವನು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಆಫಾಕಿಗಳಲ್ಲಿ ನಾನೂರು ಮಂದಿಯನ್ನಷ್ಟೇ ಉಳಿಸಿಕೊಂಡನೆಂದು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. 1558ರ ನಂತರ ಒಂದನೇ ಅಲಿ ಅವರನ್ನು ಮತ್ತೆ ಕರೆಸಿದನು. ಫೆರಿಸ್ತಾ ಸ್ವತಃ ಆಫಾಕಿ. ದಖ್ಖನಿಗಳ ಬಗೆಗಿನ ಅವನ ಮಾತನ್ನು ಜೋಪಾನವಾಗಿ ಓದಬೇಕು.

ಆದರೆ ಇಬ್ರಾಹಿಮನ ಕ್ರಮದಲ್ಲಿ ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ಸರಕಾರದ ಲೆಕ್ಕಪತ್ರಗಳನ್ನು ಪಾರಸಿಯಿಂದ ತೆಗೆದು ನಾಡಿನ ಭಾಷೆಗೆ ತಂದು, ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟನು. ಫೆರಿಸ್ತಾ ಆ ಭಾಷೆಯನ್ನು ಹಿಂದವಿ ಎನ್ನುತ್ತಾನೆ. ವಿದ್ವಾಂಸರು ಅದನ್ನು ಮರಾಠಿ, ಕನ್ನಡ ಎಂದು ಅರ್ಥೈಸಿದ್ದಾರೆ. ತಿಕೋಟಾ, ಬಬಲೇಶ್ವರ ಸೀಮೆಯಂಥ ಎರೆಭೂಮಿಯಲ್ಲಿ ಮಳೆ ಕೈಕೊಟ್ಟರೆ ಕಂದಾಯ ಎಷ್ಟು ಬರಬಲ್ಲದು ಎಂಬ ತಿಳಿವಳಿಕೆ ಇದ್ದದ್ದು ಊರಿನ ಗೌಡ, ಕುಲಕರ್ಣಿಗಳ ಬಳಿ. ದರ್ಬಾರಿಗೆ ಯಾರು ಬಂದರೂ ಹೋದರೂ ಆ ತಿಳಿವಳಿಕೆ ಊರಲ್ಲೇ ಉಳಿಯುತ್ತಿತ್ತು. ಹೀಗಾಗಿ ನೇಮಕಾತಿಯ ನಿಜವಾದ ಪ್ರಶ್ನೆ ಅಧಿಕಾರಿ ಎಲ್ಲಿಯವನೆಂಬುದಲ್ಲ. ನೆಲ ಬಲ್ಲವನ ಲೆಕ್ಕ ನಿರ್ಧಾರ ಮಾಡುವವನ ಕೈಗೆ ಯಾವ ಭಾಷೆಯಲ್ಲಿ ತಲುಪುತ್ತದೆ ಎಂಬುದು.

ರಾಜ್ಯವನ್ನು ಕಂಪನಿಗೆ ಹೋಲಿಸಬಹುದೇ ಎಂಬ ಆಕ್ಷೇಪ ಸರಿಯೇ. ಆಫಾಕಿಗೆ ಮರಳಿ ಹೋಗಲು ಕೇಂದ್ರ ಕಚೇರಿ ಇರಲಿಲ್ಲ, ಅವನು ಇಲ್ಲಿಯೇ ಬೇರೂರಿದನು. ಈ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ. ಆದರೂ ದೂರದ ನಂಬಿಕಸ್ಥನನ್ನೂ ಹತ್ತಿರದ ಬಲ್ಲವನನ್ನೂ ಹೊಂದಿಸುವ ಕಷ್ಟ ಎರಡರಲ್ಲೂ ಒಂದೇ. ಇದೆಲ್ಲ ಶಿಯಾ ಆಫಾಕಿಗಳ ಮತ್ತು ಸುನ್ನಿ ದಖ್ಖನಿಗಳ ಪೈಪೋಟಿಯಷ್ಟೇ ಎಂಬ ವಾದವೂ ಪೂರ್ತಿ ನಿಲ್ಲದು. ಪಂಥವೇ ಕಾರಣವಾಗಿದ್ದರೆ ಬ್ರಾಹ್ಮಣ ಲೆಕ್ಕಿಗರ ನೇಮಕವನ್ನು ವಿವರಿಸಲಾಗದು. ಸುನ್ನಿಯಾದ ಎರಡನೇ ಇಬ್ರಾಹಿಂ ಇರಾನಿನ ಫೆರಿಸ್ತಾನಿಗೆ ಆಶ್ರಯ ಕೊಟ್ಟದ್ದನ್ನೂ ವಿವರಿಸಲಾಗದು. ಇಂದಿನ ಕಂಪನಿಗಳ ಸ್ಥಳೀಕರಣವನ್ನು ಅಳೆಯುವ ಸಂಶೋಧಕರು ಹುದ್ದೆಗಳ ಪಟ್ಟಿಯ ಜೊತೆಗೆ ಕಡತಗಳನ್ನೂ ತೆರೆದು, ಅವು ಯಾವ ಭಾಷೆಯಲ್ಲಿವೆ ಎಂದು ನೋಡಬೇಕು.