ಮಲೇರಿಯಾ ರೋಗಿಯ ರಕ್ತ: ಅಧ್ಯಯನದ ಚರಿತ್ರೆ

ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರಾವಲಂಬಿ ಕೆಂಪು ರಕ್ತಕಣಗಳೊಳಗೆ ಬೆಳೆದು, ಅವನ್ನು ಒಡೆದು ಹೊರಬರುವುದರಿಂದ ಮಲೇರಿಯಾದ ಚಳಿ, ಜ್ವರ, ರಕ್ತಹೀನತೆಗಳು ಉಂಟಾಗುತ್ತವೆ. ಈ ತಿಳಿವಳಿಕೆಗೆ ದಾರಿ ತೋರಿಸಿದ್ದು ಪರಾವಲಂಬಿಯಲ್ಲ, ಅದು ಬಿಟ್ಟುಹೋಗುವ ಕಪ್ಪು ಕಣ. 1847ರಲ್ಲಿ ಜರ್ಮನಿಯ ಹೈನ್ರಿಕ್ ಮೆಕೆಲ್ ಶವಪರೀಕ್ಷೆಯೊಂದರಲ್ಲಿ ರಕ್ತದಲ್ಲೂ ಗುಲ್ಮದಲ್ಲೂ ಇಂಥ ಕಣಗಳನ್ನು ಕಂಡರು. ಅವಕ್ಕೂ ಚಳಿಜ್ವರಕ್ಕೂ ಇರುವ ನಂಟನ್ನು ರೋಗಶಾಸ್ತ್ರಜ್ಞ ವಿರ್ಕೋ ಮೊದಲಾದವರು ಗುರುತಿಸಿದರು. ಆದರೆ ಜೌಗುನೆಲದ ಕೆಟ್ಟ ಗಾಳಿಯೇ ಜ್ವರದ ಮೂಲವೆಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು.

ಆ ಕಣಗಳ ಬೆನ್ನುಹತ್ತಿದ ಫ್ರೆಂಚ್ ಸೇನಾವೈದ್ಯ ಆಲ್ಫಾನ್ಸ್ ಲಾವೆರಾನ್ 1880ರ ನವೆಂಬರ್ 6ರಂದು ಅಲ್ಜೀರಿಯದ ಕಾನ್‌ಸ್ಟಾಂಟೀನ್ ಸೇನಾ ಆಸ್ಪತ್ರೆಯಲ್ಲಿ ಸೈನಿಕನೊಬ್ಬನ ಹಸಿರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕಪ್ಪು ಚುಕ್ಕೆಗಳಿದ್ದ ಒಂದು ಗುಂಡನೆಯ ಕಾಯದಿಂದ ಎಳೆಗಳು ಹೊರಬಂದು ಚುರುಕಾಗಿ ಆಡುತ್ತಿದ್ದವು. ಅದು ಜೀವಿಯೆಂಬುದರಲ್ಲಿ ಅವರಿಗೆ ಅನುಮಾನ ಉಳಿಯಲಿಲ್ಲ. ಬೇರೆಯವರು ಒಪ್ಪಲು ವರ್ಷಗಳೇ ಹಿಡಿದವು. ಇಟಲಿಯ ಮಾರ್ಕಿಯಾಫಾವ ಮತ್ತು ಚೆಲ್ಲಿ 1885ರಲ್ಲಿ ಇದಕ್ಕೆ ಪ್ಲಾಸ್ಮೋಡಿಯಂ ಎಂದು ಹೆಸರಿಟ್ಟರು.

ರೋಗಿಯ ಸಂಕಟಕ್ಕೂ ರಕ್ತದಲ್ಲಿ ನಡೆಯುವುದಕ್ಕೂ ಇರುವ ಸಂಬಂಧವನ್ನು ತೋರಿಸಿದವರು ಇಟಲಿಯ ಪಾವಿಯದ ಕಮಿಲ್ಲೊ ಗಾಲ್ಜಿ. ನರಕೋಶಗಳ ಅಧ್ಯಯನಕ್ಕಾಗಿ 1906ರಲ್ಲಿ ನೊಬೆಲ್ ಪಡೆದ ಇವರ ಮಲೇರಿಯಾ ಸಂಶೋಧನೆಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಹೊತ್ತುಹೊತ್ತಿಗೆ ರಕ್ತ ತೆಗೆದು ನೋಡಿದ ಗಾಲ್ಜಿ, 1885–86ರಲ್ಲಿ, ಸೋಂಕಿದ ಕೆಂಪುಕಣಗಳು ಒಟ್ಟಿಗೆ ಒಡೆಯುವ ವೇಳೆಗೇ ರೋಗಿಗೆ ನಡುಕ ಹುಟ್ಟುತ್ತದೆಂದು ಕಂಡುಕೊಂಡರು. ಒಂದು ಬಗೆಯಲ್ಲಿ ಈ ಆವರ್ತನಕ್ಕೆ 48 ಗಂಟೆ, ಇನ್ನೊಂದರಲ್ಲಿ 72 ಗಂಟೆ. ದಿನ ಬಿಟ್ಟು ದಿನ ಬರುವ ಜ್ವರವನ್ನು ಹಿಪಾಕ್ರಟೀಸನ ಕಾಲದಿಂದಲೂ ವೈದ್ಯರು ಬಲ್ಲವರಾಗಿದ್ದರು. ಅದು ಏಕೆ ಹಾಗೆ ಬರುತ್ತದೆಂಬುದಕ್ಕೆ ಉತ್ತರ ಸಿಕ್ಕಿದ್ದು ಆಗ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ವೈದ್ಯ ರೊನಾಲ್ಡ್ ರಾಸ್ ರೋಗ ಹರಡುವ ಸೊಳ್ಳೆಯ ಜಠರದ ಗೋಡೆಯಲ್ಲಿ ಪರಾವಲಂಬಿಯನ್ನು ಗುರುತಿಸಿದ್ದೂ ಅದೇ ಕಪ್ಪು ಕಣಗಳ ನೆರವಿನಿಂದ.

ಪ್ಲಾಸ್ಮೋಡಿಯಂನ ಎಲ್ಲ ಪ್ರಭೇದಗಳೂ ರಕ್ತವನ್ನು ಒಂದೇ ರೀತಿ ಕಾಡುವುದಿಲ್ಲ. ವೈವಾಕ್ಸ್ ಹೆಚ್ಚಾಗಿ ಎಳೆಯ ಕೆಂಪುಕಣಗಳನ್ನಷ್ಟೇ ಹೊಗುತ್ತದೆ. ಫಾಲ್ಸಿಪಾರಂಗೆ ಕಣದ ವಯಸ್ಸಿನ ಹಂಗಿಲ್ಲ. ಅದರಿಂದಲೇ ರಕ್ತದಲ್ಲಿ ಅದರ ಸಂಖ್ಯೆ ವಿಪರೀತ ಏರುತ್ತದೆ. ಅದು ಹೊಕ್ಕ ಕಣದ ಮೇಲೆ ಗುಬುಟುಗಳೆದ್ದು, ಕಣ ಲೋಮನಾಳಗಳ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಮಿದುಳಿನಲ್ಲಿ ಹೀಗಾದರೆ ರೋಗಿ ಪ್ರಜ್ಞೆ ತಪ್ಪುತ್ತಾನೆ, ಸಾಯಲೂಬಹುದು.

ರಕ್ತಹೀನತೆಗೆ ಒಡೆದ ಕಣಗಳಷ್ಟೇ ಕಾರಣವೆಂದು ಬಹುಕಾಲ ತಿಳಿಯಲಾಗಿತ್ತು. ಆದರೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಸೋಂಕು ತಗಲದ ಕಣಗಳೂ ದೊಡ್ಡ ಸಂಖ್ಯೆಯಲ್ಲಿ ನಾಶವಾಗುತ್ತವೆ, ಅಸ್ಥಿಮಜ್ಜೆಯಲ್ಲಿ ಹೊಸ ಕಣಗಳ ಉತ್ಪತ್ತಿಯೂ ಕುಗ್ಗುತ್ತದೆ ಎಂಬುದು ನಂತರ ತಿಳಿಯಿತು. ಪ್ಲೇಟ್‌ಲೆಟ್‌ಗಳೂ ಇಳಿಯುವುದರಿಂದ ಡೆಂಗಿಯೆಂದು ಭ್ರಮಿಸುವ ಸಂಭವವಿದೆ. ಆದ್ದರಿಂದ ರಕ್ತಲೇಪನ ಪರೀಕ್ಷೆ ಬಿಡಬಾರದು. ಕೆಟ್ಟ ಕಣಗಳನ್ನು ಸೋಸುವ ಗುಲ್ಮ ಊದಿಕೊಳ್ಳುತ್ತದೆ. 1840ರ ದಶಕದಲ್ಲೇ ವೈದ್ಯ ಡೆಂಪ್‌ಸ್ಟರ್ ಉತ್ತರ ಭಾರತದ ಕಾಲುವೆ ಬಯಲಿನ ಹಳ್ಳಿಗಳಲ್ಲಿ ಜನರ ಹೊಟ್ಟೆ ಮುಟ್ಟಿ, ಊದಿದ ಗುಲ್ಮಗಳನ್ನು ಎಣಿಸಿ ಜ್ವರದ ಹರವನ್ನು ಅಳೆದಿದ್ದರು. ಪರಾವಲಂಬಿಯ ಸುಳಿವೇ ಇಲ್ಲದ ಕಾಲದ ಈ ಕೆಲಸ ನಂತರದ ಸಮೀಕ್ಷೆಗಳಿಗೆ ಅಳತೆಗೋಲಾಯಿತು.

ಕಪ್ಪು ಕಣದ ಗುಟ್ಟು ಮಾತ್ರ ನಿಧಾನವಾಗಿ ಬಿಚ್ಚಿಕೊಂಡಿತು. ಪರಾವಲಂಬಿ ಹಿಮೋಗ್ಲೋಬಿನನ್ನು ತಿಂದಾಗ ಉಳಿಯುವ ಹೀಮ್ ಅದಕ್ಕೇ ವಿಷ. ಅದನ್ನು ಹಿಮೋಜೋಯಿನ್ ಎಂಬ ಹರಳಾಗಿ, ಅಂದರೆ ಆ ಕಪ್ಪು ಕಣವಾಗಿ, ಕಟ್ಟಿ ಅದು ಪಾರಾಗುತ್ತದೆ. 1934ರಲ್ಲಿ ತಯಾರಾದ ಕ್ಲೋರೋಕ್ವಿನ್ ಔಷಧಿ ಹರಳುಗಟ್ಟುವ ಈ ಕ್ರಿಯೆಯನ್ನೇ ತಡೆಯುತ್ತದೆ. ಹರಳಿನ ರಚನೆ ಖಚಿತವಾದದ್ದು 2000ದಲ್ಲಿ.

ಮಲೇರಿಯಾ ಮನುಷ್ಯಕುಲದ ರಕ್ತವನ್ನೂ ಮಾರ್ಪಡಿಸಿದೆ. ಥಲಸ್ಸೇಮಿಯ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಇರಬಹುದೆಂದು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲಿ ಸೂಚಿಸಿದರು. ಕುಡುಗೋಲು ಕಣದ ಒಂದೇ ಜೀನ್ ಹೊತ್ತವರಲ್ಲಿ ಅಂಥ ರಕ್ಷಣೆಯಿರುವುದನ್ನು ಆ್ಯಂಟನಿ ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕದ ಅಧ್ಯಯನದಿಂದ ತೋರಿಸಿದರು. ತಂದೆತಾಯಿ ಇಬ್ಬರಿಂದಲೂ ಅದೇ ಜೀನ್ ಪಡೆದ ಮಗುವಿಗೆ ಬರುವುದು ಜೀವನವಿಡೀ ಕಾಡುವ ಕಾಯಿಲೆ. ಭಾರತದಲ್ಲಿ ಕುಡುಗೋಲು ಕಣದ ಲಕ್ಷಣ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಮೊದಲು ವರದಿಯಾಯಿತು. ಪಶ್ಚಿಮ ಆಫ್ರಿಕದವರಿಗೆ ವೈವಾಕ್ಸ್ ಅಪರೂಪವಾಗಿರುವುದು ಅವರ ಕೆಂಪುಕಣಗಳ ಮೇಲೆ ಡಫಿ ಎಂಬ ಪ್ರೋಟೀನ್ ಇಲ್ಲದಿರುವುದರಿಂದ ಎಂದು 1970ರ ದಶಕದಲ್ಲಿ ಲೂಯಿ ಮಿಲ್ಲರ್ ತಂಡ ತೋರಿಸಿತು. ಆ ಪ್ರೋಟೀನ್ ಇಲ್ಲದವರಲ್ಲೂ ವೈವಾಕ್ಸ್ ಬೇರೂರಬಲ್ಲುದೆಂದು 2010ರಲ್ಲಿ ಮಡಗಾಸ್ಕರ್‌ನಿಂದ ವರದಿ ಬಂದ ಮೇಲೆ, ಪರಾವಲಂಬಿ ರಕ್ತಕಣವನ್ನು ಹೊಗುವ ಬೇರೆ ಮಾರ್ಗಗಳ ಹುಡುಕಾಟ ನಡೆದಿದೆ.