ಡಾಕ್ಟರು ಬಂದರು

‘ಬಸ್ಸು’, ‘ಕಾರು’, ‘ಕಂಡಕ್ಟರು’ – ಇಂಗ್ಲಿಷ್ ಮಾತುಗಳ ಕೊನೆಗೆ ಹೀಗೆ ಉಕಾರ ಹಚ್ಚುವುದು ಹಳ್ಳಿಗರ ಅಶುದ್ಧ ಉಚ್ಚಾರಣೆಯೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಮಟ್ಟಿಗೆ ಇದೆ. ಇದಕ್ಕೆ ಆಧಾರವುಂಟೇ? ಕನ್ನಡದ ಚರಿತ್ರೆಯನ್ನು ಕೊಂಚ ವಿಚಾರಿಸಿ ನೋಡೋಣ.

ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ಅವನ ಮುಂದಿದ್ದ ಕಾವ್ಯಭಾಷೆಯಲ್ಲಿ ಕಣ್, ಕಲ್, ತೇರ್, ನೀರ್ ಎಂಬಂಥ ವ್ಯಂಜನಾಂತ ಪದಗಳು ಹೇರಳವಾಗಿದ್ದುವು. ನಡುಗನ್ನಡದ ಕಾಲಕ್ಕೆ ಇವು ಸ್ವರಾಂತವಾದುವು. ಇಂಥ ಏಕಾಕ್ಷರ ಪದಗಳಲ್ಲಿ ಹ್ರಸ್ವದ ಮುಂದಿನ ವ್ಯಂಜನ ದ್ವಿತ್ವ ಹೊಂದಿ ಕಣ್ಣು, ಕಲ್ಲು ಎಂದಾಯಿತು. ದೀರ್ಘದ ಮುಂದಿನದು ಒಂಟಿಯಾಗಿಯೇ ಉಳಿದು ತೇರು, ನೀರು ಎಂದಾಯಿತು. ಶತಮಾನಗಳ ತರುವಾಯ ಬಂದ ಬಸ್, ‘ಕಲ್ಲಿ’ನ ಹಾದಿ ಹಿಡಿದು ಬಸ್ಸಾಯಿತು, ಕಾರ್, ‘ತೇರಿ’ನ ಹಾದಿ ಹಿಡಿದು ಕಾರಾಯಿತು. ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಲ್ಲಿ ಬಸ್ಸಿಗೆ ಕಾದು ನಿಂತವರ ಮಾತನ್ನು ಕೇಳಿ. ‘ಬಸು’ ಎಂದಾಗಲಿ ‘ಕಾರ್ರು’ ಎಂದಾಗಲಿ ಅವರ ಬಾಯಲ್ಲಿ ಬಾರದು. ಈ ನಿಯಮವನ್ನು ಅವರಿಗೆ ಯಾವ ಪಂಡಿತನೂ ಕಲಿಸಿದ್ದಿಲ್ಲ.

ಇನ್ನು ‘ಅರ್’ ಎಂದು ಮುಗಿಯುವ ಮಾತುಗಳು. ಡ್ರೈವರ್ ಎಂಬಲ್ಲಿ ‘ಇ–ಆರ್’, ಡಾಕ್ಟರ್ ಎಂಬಲ್ಲಿ ‘ಓ–ಆರ್’ ಎಂದು ಬರೆದರೂ ಇಂಗ್ಲಿಷರು ಕೊನೆಯ ಸ್ವರವನ್ನು ಒಂದೇ ಬಗೆಯಾಗಿ ತೇಲಿಸುತ್ತಾರೆ. ಲಂಡನ್ನಿನ ಶಿಷ್ಟರಂತೂ ರೇಫವನ್ನೇ ನುಂಗುತ್ತಾರೆ. ಅಲ್ಲಿ ರೇಫ ಸಡಿಲವಾಗುತ್ತಿದ್ದುದರ ಪ್ರಸ್ತಾಪ 1791ರ ಜಾನ್ ವಾಕರನ ಉಚ್ಚಾರಣ ನಿಘಂಟಿನಲ್ಲೇ ಇದೆ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದ ಬಹುಭಾಗ ಅದನ್ನು ಉಳಿಸಿಕೊಂಡಿವೆ. ನಮ್ಮ ಹಳ್ಳಿಯವನೂ ಉಳಿಸಿಕೊಂಡು, ಅದರಿಂದ ಕೆಲಸವನ್ನೂ ಮಾಡಿಸಿಕೊಂಡಿದ್ದಾನೆ.

ಹಳಗನ್ನಡದ ‘ಅವರ್’ ‘ಅವರು’ ಆದಂತೆ ಡಾಕ್ಟರ್ ‘ಡಾಕ್ಟರು’ ಆಯಿತು. ಆ ‘ರು’ ನಮ್ಮ ಕಿವಿಗೆ ಗೌರವದ ಬಹುವಚನ. ವಕೀಲನಿಗೆ ಮರ್ಯಾದೆ ಕೊಡಲು ಪ್ರತ್ಯಯ ಸೇರಿಸಿ ‘ವಕೀಲರು’ ಎನ್ನಬೇಕು. ಡಾಕ್ಟರಿಗೆ ಅದು ಹುಟ್ಟಿನಿಂದಲೇ ಬಂದಿದೆ. ‘ಡಾಕ್ಟರು ಬಂದರು’ ಎನ್ನುವ ನಾವು ‘ಪೇಪರು ಬಂತು’ ಎನ್ನುತ್ತೇವೆ. ಅಂತ್ಯ ಒಂದೇ ಆದರೂ ಮನುಷ್ಯನಾರು, ವಸ್ತುವಾವುದು ಎಂಬ ವಿವೇಕ ಕನ್ನಡದ್ದು.

ಇಂಗ್ಲಿಷ್ ಆಡುವಾಗ ಇಂಗ್ಲಿಷಿನ ಉಚ್ಚಾರಣೆಯನ್ನು ಕಲಿಯುವುದು ಯುಕ್ತವೇ. ಆದರೆ ಕನ್ನಡ ವಾಕ್ಯದೊಳಗೆ ಬಂದ ಮಾತು ಕನ್ನಡದ ಕಾನೂನಿಗೆ ಒಳಪಟ್ಟ ಪ್ರಜೆ. ‘ಕಾರು’ ಎಂದದ್ದಕ್ಕೆ ಸಹಪಾಠಿಗಳು ನಕ್ಕರೆಂದು ತರಗತಿಯಲ್ಲಿ ಬಾಯಿ ತೆರೆಯದ ಹಳ್ಳಿಯ ಹುಡುಗರನ್ನು ನಾನು ಬಲ್ಲೆ. ಅವರಿಗೆ ನಾನು ಹೇಳುವುದು ಇಷ್ಟೆ: ‘ತೇರು’ ಎನ್ನಲು ನಾಚದವನು ‘ಕಾರು’ ಎನ್ನಲು ನಾಚಬೇಕಾಗಿಲ್ಲ.